ಬೀದಿಯಲ್ಲಿ ಬಿದ್ದದ್ದೆಲ್ಲ ನಾಯಿಯ ಬಾಯಿಗೆ

ಪ್ರಶ್ನೆ: ಮುಂಬಯಿಯ ಶಿವಾಜಿ ಪಾರ್ಕ್ ಸಮೀಪ ನಮ್ಮ ಮನೆ. ಸಂಜೆ ತಿರುಗಾಡಲು ಕರೆದೊಯ್ದಾಗ ನಮ್ಮ ಲ್ಯಾಬ್ರಡಾರ್, ಜನ ತಿಂದು ಬಿಸಾಡಿದ ಭುಟ್ಟಾ (ಸುಟ್ಟ ಮುಸುಕಿನ ಜೋಳ), ವಡಾಪಾವಿನ ಚೂರು, ಕೋಳಿಯ ಮೂಳೆ, ಏನು ಸಿಕ್ಕರೂ ಬಾಯಿಗೆ ಹಾಕುತ್ತದೆ. ಕಿತ್ತುಕೊಳ್ಳಲು ಹೋದರೆ ಅಗಿಯದೆ ನುಂಗಿಬಿಡುತ್ತದೆ. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ? ಬಾಯಿಗೆ ಕುಕ್ಕೆ ಹಾಕಿದರೆ ಹಿಂಸೆಯಾಗುವುದಿಲ್ಲವೇ?
– ಓದುಗರೊಬ್ಬರು, ದಾದರ್

ಉತ್ತರ: ನೀವು ಹೆಸರಿಸಿದವುಗಳಲ್ಲಿ ನನಗೆ ಹೆಚ್ಚು ಭಯ ಭುಟ್ಟಾದ್ದೇ. ಮಳೆಗಾಲದಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆ, ಉಪ್ಪು, ಖಾರ ಸವರಿ ಮಾರುವ ಜೋಳದ ಕಾಳು ಮುಗಿದ ಮೇಲೆ ಉಳಿಯುವ ದಿಂಡು ನಾಯಿಗೆ ಜೀರ್ಣವಾಗುವುದಿಲ್ಲ. ಅದರ ತುಂಡು ಸಣ್ಣ ಕರುಳಿಗಿಳಿದು ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ತಿಂದು ಕೆಲವು ದಿನಗಳಾದ ಮೇಲೂ ತೊಂದರೆ ಕಾಣಿಸಿಕೊಳ್ಳುವುದುಂಟು. ಎಕ್ಸ್‌ರೇಯಲ್ಲಿ ದಿಂಡು ಮೂಳೆಯಷ್ಟು ಸ್ಪಷ್ಟವಾಗಿ ಕಾಣುವುದಿಲ್ಲವಾದ್ದರಿಂದ, ನಾಯಿ ಮೇಲಿಂದ ಮೇಲೆ ವಾಂತಿ ಮಾಡಿ ಊಟ ಬಿಟ್ಟರೆ ಈ ಸಂಶಯವನ್ನು ವೈದ್ಯರಿಗೆ ನೀವೇ ಹೇಳಬೇಕು. ಬೇಯಿಸಿದ ಮೂಳೆ ಚೂಪಾಗಿ ಸೀಳುವುದರಿಂದ ಅದೂ ಅಪಾಯಕಾರಿಯೇ. ವಡಾಪಾವಿನ ಬೆಳ್ಳುಳ್ಳಿ ಚಟ್ನಿ ನಾಯಿಗೆ ಒಳ್ಳೆಯದಲ್ಲ, ಆದರೆ ದೊಡ್ಡ ನಾಯಿಗೆ ಒಂದು ಚೂರಿನಿಂದ ಅನಾಹುತವಾಗುವುದು ಅಪರೂಪ. ದ್ರಾಕ್ಷಿ, ಒಣದ್ರಾಕ್ಷಿಯ ಮಾತು ಬೇರೆ: ಅವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಎಷ್ಟು ತಿಂದರೆ ಅಪಾಯವೆಂದು ಲೆಕ್ಕ ಹಾಕಲೂ ಆಗದು.

ಉಪ್ಪುನೀರು ಖಂಡಿತ ಬೇಡ. ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಸೆಳವು ಬರಬಹುದು. ನುಂಗಿದ ಮೂಳೆ ವಾಂತಿಯೊಂದಿಗೆ ಮೇಲೆ ಬರುವಾಗ ಅನ್ನನಾಳವನ್ನು ಗೀರಲೂಬಹುದು. ವಾಂತಿ ಮಾಡಿಸಬೇಕೋ ಬೇಡವೋ ಎಂಬುದನ್ನು ವೈದ್ಯರಿಗೇ ಬಿಡಿ, ಆದರೆ ತಡಮಾಡಬೇಡಿ. ಸಾಮಾನ್ಯವಾಗಿ ಮೊದಲ ಒಂದೆರಡು ಗಂಟೆಗಳಲ್ಲಿ ಮಾತ್ರ ಅದರಿಂದ ಪ್ರಯೋಜನ.

ಗದರಿಸಿ ಈ ಚಟ ಬಿಡಿಸಲಾಗದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷಿಸಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ವಂಶವಾಹಿಯಲ್ಲೇ ಲೋಪವಿತ್ತು. ನೀವು ಕಿತ್ತುಕೊಳ್ಳುತ್ತೀರೆಂದು ಗೊತ್ತಾದ ನಾಯಿ ಬೇಗ ನುಂಗಲು ಕಲಿಯುವುದು ಸಹಜ. ಆದ್ದರಿಂದ ಕಸಿಯುವ ಬದಲು, ಜೇಬಿನಲ್ಲಿ ಬೇಯಿಸಿದ ಕೋಳಿಯ ಮೂಳೆಯಿಲ್ಲದ ತುಂಡುಗಳನ್ನಿಟ್ಟುಕೊಂಡು ಅದನ್ನು ತೋರಿಸಿ ಬಾಯಿ ಬಿಡಿಸಿ. ಮನೆಯಲ್ಲಿ, ಮುಚ್ಚಿದ ಮುಷ್ಟಿಯಲ್ಲಿ ತಿನಿಸು ಹಿಡಿದು ‘ಬಿಡು’ ಎನ್ನಿ. ನಾಯಿ ನೆಕ್ಕಿ, ಕೆರೆದು, ಕಡೆಗೆ ಬೇಸತ್ತು ಮೂಗು ಹಿಂದೆಳೆದ ಕ್ಷಣವೇ ಇನ್ನೊಂದು ಕೈಯಿಂದ ಬೇರೆ ತಿನಿಸು ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಎಂದೂ ಕೊಡಬೇಡಿ. ಇದು ಪಳಗಿದ ಮೇಲೆ ನೆಲದ ಮೇಲಿಟ್ಟು, ಆಮೇಲೆ ಸೊಸೈಟಿಯ ಅಂಗಳದಲ್ಲಿ, ಕೊನೆಗೆ ರಸ್ತೆಯಲ್ಲಿ ಅಭ್ಯಾಸ ಮಾಡಿಸಿ.

ಅಲ್ಲಿಯವರೆಗೆ ಕುಕ್ಕೆ ಹಾಕುವುದರಲ್ಲಿ ಹಿಂಸೆಯೇನೂ ಇಲ್ಲ. ಆದರೆ ಅದು ಕಣದಲ್ಲಿ ಎತ್ತಿನ ಬಾಯಿಗೆ ಹಾಕುವಂಥ ಬುಟ್ಟಿಯಾಕಾರದ್ದಾಗಿರಬೇಕು, ಒಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರಬೇಕು. ಬಾಯಿಯನ್ನು ಬಿಗಿದು ಮುಚ್ಚುವ ಬಟ್ಟೆಯದು ಮುಂಬಯಿಯ ಸೆಕೆಗೆ ಅಪಾಯ, ಏಕೆಂದರೆ ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದಲೇ. ಒಳಗೆ ತಿನಿಸು ಇಟ್ಟು ಕೆಲವು ದಿನ ಮನೆಯಲ್ಲೇ ರೂಢಿ ಮಾಡಿಸಿ. ಕುಕ್ಕೆಯ ಸಂದಿಯಿಂದ ಮೆತ್ತಗಿನ ತಿನಿಸನ್ನು ನೆಕ್ಕುವ ಜಾಣ ನಾಯಿಗಳೂ ಇರುವುದರಿಂದ, ಭುಟ್ಟಾ ಗಾಡಿಗಳ ಬಳಿ ಹಗ್ಗವನ್ನು ಗಿಡ್ಡವಾಗಿ ಹಿಡಿದು ದಾಟಿಸಿ.