ಮಂಡ್ಯದ ಭತ್ತದ ಗದ್ದೆಯಿಂದಲೂ ಭೂಮಿ ಬಿಸಿಯಾಗುತ್ತಾ?

ಹೌದು, ಸ್ವಲ್ಪ ಮಟ್ಟಿಗೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ನಿಂತ ಗದ್ದೆಗೆ ಇಳಿದು ನೋಡಿ. ಕೆಸರಿನಿಂದ ಕಾಲು ಎತ್ತಿದರೆ ಬುಳುಬುಳು ಅಂತ ಗುಳ್ಳೆ ಬರುತ್ತದೆ, ಅಲ್ವಾ? ಅದರಲ್ಲಿ ಬಿಸಿ ಹಿಡಿದಿಡುವ ಮೀಥೇನ್ ಅನಿಲ ಇರುತ್ತದೆ. ನೀರು ನಿಂತ ಮಣ್ಣಿಗೆ ಗಾಳಿ ಇಳಿಯುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಕೂಳೆ, ಸೊಪ್ಪು ತಿಂದು ಈ ಅನಿಲ ಬಿಡುತ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ.

ಇದನ್ನು ಗದ್ದೆಯಲ್ಲೇ ಅಳೆದ ಮೊದಲಿಗರಲ್ಲಿ ಅಮೆರಿಕದ ವಿಜ್ಞಾನಿ ರಾಲ್ಫ್ ಸಿಸೆರೋನ್ ಒಬ್ಬರು. ಕ್ಯಾಲಿಫೋರ್ನಿಯಾದಲ್ಲಿ ಪೈರಿನ ಮೇಲೆ ಡಬ್ಬದಂಥದ್ದನ್ನು ಮುಚ್ಚಿ, ಒಳಗೆ ಸೇರಿದ ಗಾಳಿಯನ್ನು ಪರೀಕ್ಷೆ ಮಾಡಿದರು. 1981ರಲ್ಲಿ ಅವರು, ಜೊತೆಗಾರರೊಬ್ಬರೊಂದಿಗೆ ಪ್ರಕಟಿಸಿದ ವಿಷಯ ಮಜವಾಗಿದೆ. ಜಾಸ್ತಿ ಮೀಥೇನ್ ಹೊರಬರುವುದು ಗುಳ್ಳೆಯಿಂದಲ್ಲ, ಪೈರಿನೊಳಗಿಂದ! ಬೇರಿಗೆ ಗಾಳಿ ತಲುಪಿಸಲು ಭತ್ತದ ಗಿಡದಲ್ಲಿ ಟೊಳ್ಳು ದಾರಿ ಇರುತ್ತದೆ. ಮೀಥೇನ್‌ಗೆ ಅದೇ ಹೊಗೆಗೂಡು.

ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ. ಆದರೂ 100 ವರ್ಷದ ಲೆಕ್ಕ ಹಾಕಿದರೆ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ.

ಹಾಗಂತ ಸುಮ್ನೆ ರೈತರನ್ನು ಬೈಯಬೇಡಿ. ಭೂಮಿ ಬಿಸಿಯಾಗುವುದರಲ್ಲಿ ದೊಡ್ಡ ಪಾಲು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ನದ್ದು. ಗದ್ದೆಗೆ ಸದಾ ನೀರು ನಿಲ್ಲಿಸದೆ, ಬಿಟ್ಟು ಬಿಟ್ಟು ಕೊಟ್ಟರೆ ಮಣ್ಣಿಗೆ ಗಾಳಿ ಸಿಗುತ್ತದೆ, ಮೀಥೇನ್ ಕಡಿಮೆಯಾಗುತ್ತದೆ. ನೀರೂ ಉಳಿಯುತ್ತದೆ. ತೆನೆ ಒಡೆಯುವ ಹೊತ್ತಲ್ಲಿ ಮಾತ್ರ ಗದ್ದೆ ಒಣಗಿಸಬೇಡಿ, ಕಾಳು ಜೊಳ್ಳಾಗುತ್ತದೆ.