ಬೆಳಚು (ಎರಡು ಚಿಪ್ಪಿನೊಳಗೆ ಬದುಕುವ ಜಲಜೀವಿ) ತಿಂದರೆ ಕಾಮಾಲೆ ಬರುತ್ತದೆಯೇ? ಜಠರದ ಆಮ್ಲದಲ್ಲಿ ವೈರಸ್ ಸಾಯುವುದಿಲ್ಲವೇ?

ಬರಬಹುದು, ಸಾಯುವುದಿಲ್ಲ. ಈ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿನ ಗಟ್ಟಿತನವೇ ಅಂಥದ್ದು. ಮಲದಲ್ಲಿ ಹೊರಬೀಳುವಾಗ ಅದಕ್ಕೆ ಕೊಬ್ಬಿನ ಹೊದಿಕೆ ಇರುವುದಿಲ್ಲ, ಪ್ರೋಟೀನ್ ಕವಚ ಮಾತ್ರ. ಅದನ್ನು ಆಮ್ಲವೂ ಕರಗಿಸಲಾರದು, ಪಿತ್ತರಸವೂ ಕರಗಿಸಲಾರದು. ಕರುಳಿನ ಗೋಡೆ ದಾಟಿದ ವೈರಸ್ ರಕ್ತದ ಮೂಲಕ ಯಕೃತ್ತು ಸೇರಿ ಅಲ್ಲಿ ಸಂತಾನ ಬೆಳೆಸುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿಯುವಾಗ ನಮ್ಮದೇ ಜೀವಕೋಶದ ಪೊರೆಯನ್ನು ಹೊದ್ದುಕೊಂಡಿರುತ್ತದೆ. ಪ್ರತಿಕಾಯಗಳ ಕಣ್ಣು ತಪ್ಪಿಸಲು ಒಳ್ಳೆಯ ವೇಷ. ಪಿತ್ತನಾಳಕ್ಕೆ ಬಿದ್ದದ್ದರ ಪೊರೆಯನ್ನು ಪಿತ್ತರಸ ಕಳಚಿಹಾಕುತ್ತದೆ, ವೈರಸ್ ಬೆತ್ತಲಾಗಿ ಮತ್ತೆ ಕರುಳಿಗೆ. ಅಂದ ಹಾಗೆ, ಯಕೃತ್ತಿನ ಕೋಶಗಳನ್ನು ಹಾಳುಮಾಡುವುದು ವೈರಸ್ಸಿಗಿಂತ ಹೆಚ್ಚಾಗಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ.

ಇನ್ನು ಬೆಳಚಿನ ವಿಷಯ. ಅಘನಾಶಿನಿಯಂಥ ಅಳಿವೆಗಳಲ್ಲಿ ಅದು ನೀರು ಸೋಸಿಯೇ ಹೊಟ್ಟೆ ಹೊರೆಯುವ ಪ್ರಾಣಿ. ಆ ನೀರಿಗೆ ಕೊಳಚೆ ಸೇರಿದ್ದರೆ ವೈರಸ್ಸನ್ನೂ ಒಳಗೆ ಕೂಡಿಟ್ಟುಕೊಳ್ಳುತ್ತದೆ. ಚಿಪ್ಪು ಬಾಯಿ ಬಿಟ್ಟ ಕೂಡಲೇ ಒಲೆ ಆರಿಸಿದರೆ ಸಾಲದು. ಒಳಗಿನ ಮಾಂಸ 85ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ನಿಮಿಷ ಬೇಯಬೇಕು. ಕಾಯಿ ಮಸಾಲೆಯಲ್ಲಿ ಕೊತಕೊತ ಕುದಿಸಿದ ಸಾರಿಗೆ ಹೆದರಬೇಕಿಲ್ಲ. ಕಾಯಿಲೆ ಕಾಣಿಸಿಕೊಳ್ಳುವುದು 15ರಿಂದ 50 ದಿನಗಳ ನಂತರ, ಆದ್ದರಿಂದ ನಿನ್ನೆಯ ಊಟವನ್ನು ದೂರಬೇಡಿ.