ಶಾಲು ಬೇಡ ಮೇಷ್ಟ್ರೇ, ಬೆಲ್ಟ್ ಕೊಡಿಸೋಣ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಮೊಮ್ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಒಬ್ಬ 1500 ಅಡಿ ಎತ್ತರದ ಟಿವಿ ಕಂಬ ಹತ್ತಿ ಬಲ್ಬ್ ಬದಲಾಯಿಸುತ್ತಾನೆ. ನೋಡಿ ಮೈ ಜುಂ ಎಂದಿತು. ನಮ್ಮ ಕಡೆ ಇದೇ ಕೆಲಸವನ್ನು ಹಗ್ಗವೂ ಇಲ್ಲದೆ ಮಾಡುತ್ತಾರಂತೆ. ಇದಲ್ಲವೇ ಗಂಡೆದೆ? ಇಂಥ ಒಬ್ಬರನ್ನು ಹುಡುಕಿ ರಾಜ್ಯೋತ್ಸವದ ದಿನ ನಮ್ಮ ಬಡಾವಣೆಯ ಸಂಘದಿಂದ ಶಾಲು ಹೊದಿಸಿ ಸನ್ಮಾನ ಮಾಡಬೇಕು ಅಂದುಕೊಂಡಿದ್ದೇವೆ. ಇನ್ನೊಂದು ಮಾತು. ಡಿಶ್, ಮೊಬೈಲ್ ಬಂದ ಮೇಲೆ ದೂರದರ್ಶನದ ಹಳೇ ಟವರ್‌ಗಳಿಂದ ಏನು ಪ್ರಯೋಜನ? ಕಿತ್ತು ಗುಜರಿಗೆ ಹಾಕಬಾರದೇ?
— ಒಬ್ಬ ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಮೇಷ್ಟ್ರೇ,

ನಿಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೇ ಇದೆ. ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ನೀವು ಬರೆದಿರುವ ‘ಗಂಡೆದೆ’ ಅನ್ನೋ ಮಾತನ್ನು ನಾನೂ ಒಮ್ಮೆ ಬರೆದಿದ್ದೆ. ಇದೇ ಕೆಲಸದ ಬಗ್ಗೆಯೇ ಬರೆದಿದ್ದೆ. ಆ ಕಥೆ ಹೇಳದೆ ನಿಮಗೆ ಉತ್ತರ ಕೊಡುವುದು ಸರಿಯಲ್ಲ.

ಮೊದಲು ಗುಜರಿ ವಿಷಯ ಮುಗಿಸೋಣ. ನೀವು ಹೇಳುವುದರಲ್ಲಿ ನ್ಯಾಯವಿದೆ. ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಒಳಗೆ ಮುಚ್ಚುತ್ತೇವೆ, ಆಯಕಟ್ಟಿನ ಜಾಗದ ಸುಮಾರು 50 ಮಾತ್ರ ಉಳಿಸಿಕೊಳ್ಳುತ್ತೇವೆ ಎಂದು ದೂರದರ್ಶನ ನಡೆಸುವ ಪ್ರಸಾರ ಭಾರತಿಯೇ ಹೇಳಿತ್ತು. ಕೆಲಸವಿಲ್ಲದ ಕಬ್ಬಿಣ ತುಕ್ಕು ಹಿಡಿದು ನಿಂತರೆ ಅಪಾಯವೇ. ಕೀಳಲಿ, ನನ್ನದೇನೂ ತಕರಾರಿಲ್ಲ. ಆದರೆ ಕೀಳುವವರು ಯಾರು? ಮತ್ತೆ ಒಬ್ಬ ಮನುಷ್ಯನೇ ತುದಿಗೆ ಹೋಗಬೇಕು. ತುಕ್ಕು ಹಿಡಿದ ಬೋಲ್ಟ್ ಒಂದೊಂದಾಗಿ ಬಿಚ್ಚುತ್ತಾ, ತನ್ನ ಕಾಲ ಕೆಳಗಿನ ಕಬ್ಬಿಣವನ್ನೇ ಕಳಚುತ್ತಾ ಇಳಿದು ಬರಬೇಕು. ಪೋಲೆಂಡಿನಲ್ಲಿ 646 ಮೀಟರಿನ ರೇಡಿಯೊ ಮಾಸ್ಟ್ ಇತ್ತು, ಅಂದರೆ ಸುತ್ತಲೂ ತಂತಿ ಬಿಗಿದು ನಿಲ್ಲಿಸಿದ ಕಂಬ. ಆಗ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ್ದು ಇನ್ನೊಂದಿರಲಿಲ್ಲ. 1991ರ ಆಗಸ್ಟ್ 8ರಂದು ಅದನ್ನು ಬಿಗಿದು ಹಿಡಿದ ಹಳೇ ತಂತಿ (ಸ್ಟೇ ತಂತಿ) ಬದಲಾಯಿಸುವಾಗ ಇಡೀ ಕಂಬ ಮುರಿದು ಬಿತ್ತು. ಯಾರೂ ಸಾಯಲಿಲ್ಲ, ಪುಣ್ಯ.

ಪ್ರಯೋಜನ ಏನು ಅಂತ ಕೇಳಿದ್ದೀರಿ. ಮೇಷ್ಟ್ರಾಗಿದ್ದವರು ನೀವು, ಲೆಕ್ಕ ಇಷ್ಟವಾಗುತ್ತೆ ಅಂದುಕೊಂಡು ಹೇಳುತ್ತೇನೆ. 1984ರ ಆಚೀಚೆ ದೇಶದ ಎಷ್ಟೋ ಚಿಕ್ಕ ಊರುಗಳಿಗೆ ದೂರದರ್ಶನದ ರಿಲೇ ಕೇಂದ್ರಗಳು ಬಂದವಲ್ಲ, ಅವುಗಳ ಟ್ರಾನ್ಸ್‌ಮಿಟರ್ ಶಕ್ತಿ ಬರೀ 100 ವ್ಯಾಟ್. ನಮ್ಮ ಹಳೇ ಮನೆಯ ನಡುಮನೆಯಲ್ಲಿ ಉರಿಯುತ್ತಿದ್ದ ಒಂದು ಗುಂಡು ಬಲ್ಬಿನಷ್ಟು. ಅಷ್ಟರಲ್ಲೇ ಸುತ್ತಲಿನ ಹಳ್ಳಿಗೆಲ್ಲ ಚಿತ್ರ ಹೋಗಬೇಕು. ಟಿವಿ ತರಂಗ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರವಾಗಿ ಹೋಗುತ್ತದೆ. ಅಡ್ಡ ಗುಡ್ಡ ಬಂದರೆ ಮುಗಿಯಿತು. ಹಾಗಾಗಿ ಎತ್ತರವೇ ಗತಿ. 100 ಮೀಟರ್ ಮೇಲಿಂದ ಬಯಲಿನಲ್ಲಿ ಸುಮಾರು 40 ಕಿಲೋಮೀಟರ್ ಮುಟ್ಟಬಹುದು. ಅದರ ಎರಡರಷ್ಟು ದೂರ ಬೇಕಾದರೆ ಎತ್ತರ ನಾಲ್ಕರಷ್ಟಾಗಬೇಕು. ರಾಮೇಶ್ವರದ ಟವರನ್ನು 323 ಮೀಟರ್ ಎತ್ತರಕ್ಕೆ ಕಟ್ಟಿದ್ದು ಸುಮ್ನೆ ಅಲ್ಲ.

1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರುತ್ತಿದ್ದಾಗ ಮಂಡಿಪೇಟೆಯಲ್ಲಿ ನರಪಿಳ್ಳೆ ಕಾಣುತ್ತಿರಲಿಲ್ಲ. ನಿಮಗೂ ನೆನಪಿರಬೇಕು. ಚಿತ್ರ ನಡುಗಿದರೆ ನಾವು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದೆವು, ಕೆಳಗಿಂದ ‘ಬಂತು, ಬಂತು, ಹೋಯ್ತು’ ಅಂತ ಯಾರೋ ಕೂಗುತ್ತಿದ್ದರು. ಆ ಕಡೆ ತುದಿಯಲ್ಲಿ ದೊಡ್ಡ ಆಂಟೆನಾ ಕಟ್ಟಿದವನೂ ಒಬ್ಬನಿದ್ದ ಅಂತ ನಮ್ಮ ತಲೆಗೇ ಬರಲಿಲ್ಲ.

ನಾನು ಅಂಥವನನ್ನು ಹತ್ತಿರದಿಂದ ನೋಡಿದ್ದು ವರದಿಗಾರಿಕೆಗೆ ಸೇರಿದ ಎರಡನೇ ವರ್ಷ. ಊರಾಚೆಯ ಟವರೊಂದಕ್ಕೆ ಬಣ್ಣ ಹೊಡೆಯುತ್ತಿದ್ದಾರೆ ಅಂತ ಗೊತ್ತಾಗಿ ಹೋದೆ. ಮೂವತ್ತು ದಾಟಿರದ ಸಣಕಲು ಆಳು. ಬೇಲಿ ಪಕ್ಕ ಕೂತು ಪೇಪರ್ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದ. ತಿಂದು, ಕೈ ಒರೆಸಿಕೊಂಡು, ಟವರಿನ ಒಂದು ಕಾಲಿಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಕೈ ಮುಗಿಯುತ್ತಿದ್ದಾನೆ ಅಂದುಕೊಂಡೆ. ಕೇಳಿದರೆ, ‘ಅಲ್ಲ ಸಾರ್, ಮ್ಯಾಲೆ ಗಾಳಿ ಎಷ್ಟೈತೆ ನೋಡ್ತಿದೀನಿ, ಕಬ್ಬಿಣ ನಡುಗ್ತದೆ’ ಅಂದ. ನೆಲದಲ್ಲಿ ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನೂ ಅಂಗೈ ಇಟ್ಟೆ. ನಿಜ, ಒಳಗೆ ಸಣ್ಣಗೆ ನಡುಕ ಇತ್ತು.

ಬ್ರಶ್ಶಿಗೆ ಸೆಣಬಿನ ದಾರ, ದಾರದ ಇನ್ನೊಂದು ತುದಿ ಮಣಿಕಟ್ಟಿಗೆ. ಡಬ್ಬಕ್ಕೆ ತಂತಿ ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದ. ಸೊಂಟದಲ್ಲಿ ಬೆಲ್ಟ್ ಅಂತ ಒಂದಿತ್ತು. ಲಾರಿ ಟಾರ್ಪಾಲಿನ ಪಟ್ಟಿ ಎರಡು ಮಡಿಕೆ ಹೊಲಿದದ್ದು. ಕೊಕ್ಕೆಯ ನಾಲಿಗೆ ಮುರಿದಿತ್ತು, ಬಟ್ಟೆ ಸುತ್ತಿ ಬಿಗಿದಿದ್ದ. ಗುತ್ತಿಗೆದಾರನಿಗೆ ಎರಡು ಸಲ ಹೇಳಿದ್ದನಂತೆ. ಅದನ್ನೂ ನನಗೆ ಹೇಳಿದ, ನೋಟ್‌ಬುಕ್ಕಿನಲ್ಲಿ ಬರೆದೂಕೊಂಡೆ. ಆಮೇಲೆ ಅವನು ಹತ್ತಿದ. ಚುಕ್ಕಿಯಾದ. ಅರ್ಧ ಗಂಟೆ ಬಿಟ್ಟು ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಹನಿಗಳು ಬಿದ್ದವು. ಅಷ್ಟು ಎತ್ತರದ ಬಣ್ಣವನ್ನು ಗಾಳಿ ಹೊತ್ತು ತಂದಿತ್ತು.

ವರದಿಗೆ ‘ಮುಗಿಲು ಮುಟ್ಟುವ ಗಂಡೆದೆ’ ಅಂತ ತಲೆಬರಹ ಕೊಟ್ಟೆ. ಒಳ್ಳೆ ಹೆಸರು ಬಂತು. ಮೂರು ದಿನದ ಮೇಲೆ ಪೇಪರ್ ಹಿಡಿದುಕೊಂಡು ಅವನ ಹತ್ತಿರ ಹೋದೆ. ಜೊತೆಯವನು ಓದಿ ಹೇಳಿದ, ಇವನು ಪೂರ್ತಿ ಕೇಳಿಸಿಕೊಂಡ. ಖುಷಿ ಪಟ್ಟ, ಸುಳ್ಳು ಹೇಳಲ್ಲ. ಆಮೇಲೆ ಮೆಲ್ಲಗೆ ಕೇಳಿದ: ‘ಬೆಲ್ಟಿಂದು ಬರೀಲಿಲ್ವಾ ಸಾರ್?’

ಬರೆದಿರಲಿಲ್ಲ. ಬೆಲ್ಟಿನ ಸಾಲು ಹಾಕಿದರೆ ಗಂಡೆದೆಯ ಕಥೆ ಕೆಡುತ್ತಿತ್ತು, ಅದಕ್ಕೇ ತೆಗೆದಿದ್ದೆ. ಇದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ ಮೇಷ್ಟ್ರೇ. ನಾನು ಅವನನ್ನು ಧೈರ್ಯವಂತ ಅಂತ ಹೊಗಳಿದೆ. ಧೈರ್ಯವಂತನಿಗೆ ಬೆಲ್ಟ್ ಯಾಕೆ ಅಂತ ಗುತ್ತಿಗೆದಾರ ಹೇಳೋಕೆ ನಾನೇ ದಾರಿ ಮಾಡಿಕೊಟ್ಟ ಹಾಗಾಯಿತು.

ನಾವು ದುರ್ಗದ ಸೀಮೆಯವರು. ಧೈರ್ಯ ಅಂದರೆ ಸಾಕು, ಎದೆ ಉಬ್ಬುತ್ತದೆ. ‘ಕೋತಿರಾಜ್’ ಅಂತಲೇ ಹೆಸರಾದ ಜ್ಯೋತಿರಾಜ್ ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವಾಗ ನಾನೂ ಜನರ ನಡುವೆ ನಿಂತು ಚಪ್ಪಾಳೆ ತಟ್ಟಿದವನೇ. ಆದರೆ ಅದು ಅವರು ತಾವಾಗಿ ಆರಿಸಿಕೊಂಡ ವಿದ್ಯೆ. ದಿನಗೂಲಿಗೆ ಟವರ್ ಹತ್ತುವವನ ಕಥೆ ಬೇರೆ. ಓಬವ್ವನ ಹೆಸರು ಹೇಳಿದರೆ ಇವತ್ತಿಗೂ ರೋಮ ನಿಲ್ಲುತ್ತದೆ. ಆ ತಾಯಿಯ ಕೈಯಲ್ಲೂ ಒಂದು ಒನಕೆ ಇತ್ತಲ್ಲ ಮೇಷ್ಟ್ರೇ.

ನಿಮ್ಮ ಮೊಮ್ಮಗನ ವಿಡಿಯೊ ನಾನೂ ನೋಡಿದ್ದೇನೆ. ದಕ್ಷಿಣ ಡಕೋಟಾದ್ದು. ಇನ್ನೊಮ್ಮೆ ಹಾಕಿಸಿ, ಈ ಸಲ ಎತ್ತರ ನೋಡಬೇಡಿ, ಅವನ ಮೈ ನೋಡಿ. ಪಟ್ಟಿಗಳಿವೆ, ಕೊಕ್ಕೆ ಇದೆ. ಈ ಕೆಲಸದಲ್ಲಿ ಪಳಗಿದವರು ಎರಡು ಕೊಕ್ಕೆ ಇಟ್ಟುಕೊಳ್ಳುತ್ತಾರೆ. ಒಂದನ್ನು ಮೇಲೆ ಸಿಕ್ಕಿಸಿದ ಮೇಲೇ ಇನ್ನೊಂದನ್ನು ಬಿಚ್ಚುವುದು. ಸೊಂಟಕ್ಕೆ ಮಾತ್ರ ಇರುವ ಬೆಲ್ಟ್ ಸಾಲದು, ಎದೆ, ಹೆಗಲು, ತೊಡೆ ಎಲ್ಲ ಹಿಡಿಯುವ ಹಾರ್ನೆಸ್ ಬೇಕು. ಜಾರಿದಾಗ ಬರೀ ಸೊಂಟದಲ್ಲಿ ನೇತಾಡಿದರೆ ಆ ಬೆಲ್ಟೇ ಹೊಟ್ಟೆಗೆ, ಬೆನ್ನುಮೂಳೆಗೆ ಏಟು ಕೊಡುತ್ತದೆ. ಸ್ಪ್ಯಾನರಿಗೂ ದಾರ ಕಟ್ಟಬೇಕು. 100 ಮೀಟರಿಂದ ಕೈ ತಪ್ಪಿದ ಸ್ಪ್ಯಾನರ್ ನಾಲ್ಕೂವರೆ ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತದೆ, ಗಂಟೆಗೆ 150 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ. ಕೆಳಗೆ ಡಬ್ಬ ಹಿಡಿದು ನಿಂತ ಹುಡುಗನ ತಲೆ ಏನಾಗಬೇಕು? ಆಂಟೆನಾ ಹತ್ತಿರ ಹೋಗುವ ಮೊದಲು ಟ್ರಾನ್ಸ್‌ಮಿಟರ್ ಆಫ್ ಆಗಬೇಕು, ಇಲ್ಲವಾದರೆ ಆ ತರಂಗ ಮೈಯನ್ನು ಒಳಗೇ ಬೇಯಿಸುತ್ತದೆ. ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ಹತ್ತುವವನ ಜೇಬಿನಲ್ಲೇ ಇರಬೇಕು. ಇಷ್ಟೂ ಕಸುಬು. ಕಮ್ಮಾರಿಕೆ, ನೇಯ್ಗೆ ಇದ್ದ ಹಾಗೆ ಕಲಿತು ಬರುವಂಥದ್ದು. ಇದನ್ನೆಲ್ಲ ‘ಗಂಡೆದೆ’ ಅನ್ನೋ ಒಂದೇ ಮಾತಿನಲ್ಲಿ ಮುಚ್ಚಿಬಿಡಬಾರದು.

ಬೆಲ್ಟ್ ಇದ್ದರೂ ಮೇಲಿನವರು ಕೈ ತೊಳೆದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಟೆಕ್ಸಾಸಿನ ಒಂದು ಘಟನೆ ಇದೆ. 1982ರ ಡಿಸೆಂಬರ್ 7, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿ. ಸುಮಾರು 1800 ಅಡಿಯ ಹೊಸ ಮಾಸ್ಟಿಗೆ ಆಂಟೆನಾ ಏರಿಸುತ್ತಿದ್ದರು. ಆಂಟೆನಾದ ಕೊನೆಯ ತುಂಡಿನ ಪಕ್ಕದಲ್ಲಿದ್ದ ಬುಟ್ಟಿಯಂಥ ಚಿಕ್ಕ ಆಂಟೆನಾಗಳು ಎತ್ತುವ ಹಗ್ಗಕ್ಕೆ ಅಡ್ಡ ಬಂದವು. ಬಿಚ್ಚಲಾ ಎಂದು ಕೆಲಸಗಾರರು ಕೇಳಿದರು, ಆಂಟೆನಾ ಮಾಡಿದ ಕಂಪನಿ ಬೇಡ ಅಂದಿತು. ಹಾಗಾದರೆ ಎತ್ತೋಕೆ ನಾವೇ ಒಂದು ಹಿಡಿಕೆ ಮಾಡಿಕೊಂಡಿದ್ದೇವೆ, ಸರಿಯಿದೆಯಾ ನೋಡಿ ಎಂದು ಕಂಪನಿಯ ಎಂಜಿನಿಯರ್‌ಗಳನ್ನು ಕೇಳಿದರು. ನೋಡಿ ಹೂಂ ಅಂದರೆ ಹೊಣೆ ತಮ್ಮ ತಲೆಗೆ ಬರುತ್ತದೆ ಅಂತ ಅವರು ನೋಡಲೇ ಇಲ್ಲ. ಕೆಲಸಗಾರರು ತೂಕದ ಲೆಕ್ಕ ಹಾಕಿದ್ದರು. ಉದ್ದದ ಹಿಡಿಕೆ ಸನ್ನೆಗೋಲಿನ ಹಾಗೆ ಬೋಲ್ಟನ್ನು ಎಷ್ಟು ಪಟ್ಟು ಎಳೆಯುತ್ತದೆ ಅನ್ನೋ ಲೆಕ್ಕ ಹಾಕಿರಲಿಲ್ಲ. ಆ ತಪ್ಪನ್ನು ಎಂಜಿನಿಯರಿಂಗ್ ಓದಿದವರು ಐದು ನಿಮಿಷದಲ್ಲಿ ಹಿಡಿಯುತ್ತಿದ್ದರು. ಬೋಲ್ಟ್ ಮುರಿಯಿತು, ಬಿದ್ದ ತುಂಡು ಸ್ಟೇ ತಂತಿಗೆ ಬಡಿಯಿತು, ಇಡೀ ಮಾಸ್ಟ್ ನೆಲಕ್ಕೆ ಬಂತು. ಐದು ಜನ ಸತ್ತರು. ಆ ಐವರಿಗೂ ಧೈರ್ಯಕ್ಕೇನು ಕೊರತೆ ಇತ್ತು?

ನಮ್ಮಲ್ಲೂ ಅದೇ ಬುದ್ಧಿ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂದಿತ್ತು. ತೆಗೆದು ಓದಿ, ನಿರ್ಮಾಣ ಕೆಲಸ ಅಂದರೆ ಏನು ಅನ್ನೋ ಪಟ್ಟಿಯಲ್ಲಿ ವೈರ್‌ಲೆಸ್, ರೇಡಿಯೊ, ಟೆಲಿವಿಷನ್ ಅಂತ ಬಿಡಿಸಿ ಬರೆದಿದ್ದರು. ಕಟ್ಟಡದ ಖರ್ಚಿನ ಮೇಲೆ ಶೇಕಡ 1ರಷ್ಟು ಸೆಸ್ ಕಟ್ಟಿಸಿಕೊಂಡು ಬಂದದ್ದೂ ಈ ಜನಕ್ಕಾಗಿಯೇ. ಹಾಗಿದ್ದೂ ನಾನು ಮಾತಾಡಿಸಿದ ಟವರ್ ಕೆಲಸದ ಹುಡುಗರಲ್ಲಿ ಕಾರ್ಮಿಕ ಕಾರ್ಡ್ ಇದ್ದವನು ಒಬ್ಬನೂ ಸಿಕ್ಕಿಲ್ಲ. ಮೇಲಿನ ಗುತ್ತಿಗೆದಾರ ಕೆಳಗಿನವನಿಗೆ ಕೊಡುತ್ತಾನೆ, ಅವನು ಇನ್ನೊಬ್ಬನಿಗೆ. ಕೊನೆಗೆ ಹತ್ತುವವನಿಗೆ ತನ್ನ ಧಣಿ ಯಾರು ಅಂತಲೇ ಗೊತ್ತಿರುವುದಿಲ್ಲ. ಟಿವಿ ಟವರ್ ಹೋದರೂ ಈ ಏರ್ಪಾಡು ಹೋಗಿಲ್ಲ, ಮೊಬೈಲ್ ಟವರಿಗೆ ಬಂದು ಕೂತಿದೆ. ಜಾಹೀರಾತಿನ ಬೋರ್ಡಿಗೆ, ಊರಿನ ನೀರಿನ ಟ್ಯಾಂಕಿಗೂ ಬಂದಿದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಹುಡುಗರು ಕರೆಂಟ್ ಹೊಡೆದು ತೀರಿಕೊಂಡರು. ಅವರಿಗೂ ಯಾರೋ ಹಿಂದಿನ ದಿನ ‘ಭಲೇ’ ಅಂದಿರುತ್ತಾರೆ.

ಅಮೆರಿಕ ಬಹಳ ಮೇಲು ಅಂತ ನಾನು ಹೇಳುತ್ತಿಲ್ಲ. ಅಲ್ಲೂ 2013ರಲ್ಲಿ ಟವರ್ ಕೆಲಸದಲ್ಲಿ 13 ಜನ ಸತ್ತರು. ಆದರೆ ಅಲ್ಲಿ ಸತ್ತವರನ್ನು ಎಣಿಸಿದರು. ಎಣಿಸಿದ್ದಕ್ಕೆ ಕೇಳುವವರು ಹುಟ್ಟಿದರು.

ಈಗ ನಿಮ್ಮ ಸನ್ಮಾನಕ್ಕೆ ಬರೋಣ. ನೀವು ಒಳ್ಳೆ ಮನಸ್ಸಿನಿಂದ ಹೊರಟಿದ್ದೀರಿ, ಮಾಡಿ. ಖಂಡಿತ ಬರುತ್ತೇನೆ. ಶಾಲು, ಹಾರ, ಹಣ್ಣಿನ ಬುಟ್ಟಿಯ ದುಡ್ಡಿಗೆ ಇನ್ನಷ್ಟು ಸೇರಿಸಿ ಎರಡು ಕೊಕ್ಕೆಯ ಒಂದು ಹಾರ್ನೆಸ್ ತನ್ನಿ. ಕಡಿಮೆ ಬಿದ್ದದ್ದನ್ನು ಪತ್ರಿಕೆಯಿಂದ ನಾವು ಕೊಡುತ್ತೇವೆ. ವೇದಿಕೆಯ ಮೇಲೆ ಶಾಲು ಹೊದಿಸುವ ಹೊತ್ತಿನಲ್ಲಿ ಅದನ್ನು ಅವರ ಮೈಗೆ ಹಾಕಿಸಿ, ಕೊಕ್ಕೆ ಎಳೆದು ತೋರಿಸಿ. ಮುಂದಿನ ಸಾಲಿನಲ್ಲಿ ಅವರ ಗುತ್ತಿಗೆದಾರನನ್ನು ಕೂರಿಸಿ. ಒಂದೇ ಒಂದು ಕೆಲಸ ಮರೆಯಬೇಡಿ. ಕೊಳ್ಳುವ ಮೊದಲು ಆ ಆಳನ್ನು ಕರೆಸಿ ಅಳತೆ ತೆಗೆದುಕೊಳ್ಳಿ. ಎದೆ, ಸೊಂಟ, ತೊಡೆ. ಸಡಿಲವಾದದ್ದು ಮೇಲೆ ಕೆಲಸಕ್ಕೆ ಬರುವುದಿಲ್ಲ.